ಉಪಚಾರವೂ ವಿನಯವೂ

ಉಪಚಾರವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಗತಿಗಳು ಒದಗಿವೆ. ‘ಉಪ’ ಎಂದರೆ ಸಮೀಪ. ‘ಚರ್’ ಧಾತುವಿಗೆ ನಡೆ ಎಂಬುದು ಅರ್ಥ. ಇನ್ನೊಬ್ಬರ ಹತ್ತಿರಕ್ಕೆ ನಡೆದುಹೋಗಿ, ಅವರಿಗೆ ಬೇಕಾದುದೇನೆಂಬುದನ್ನು ಕಂಡು, ಅದನ್ನು ಮಾಡುವುದೇ ಉಪಚಾರ. ರೋಗಿಗೆ ಮಾಡುವ ಆರೈಕೆ, ಅತಿಥಿಗೆ ಮಾಡುವ ಸತ್ಕಾರ, ಪೂಜೆಯಲ್ಲಿ ಮಾಡುವ ಷೋಡಶೋಪಚಾರ ಇವೆಲ್ಲವೂ ಈ ಮೂಲಾರ್ಥದಿಂದ ಹೊರಟವುಗಳೇ. ಆದರೆ ಅದೇ ಶಬ್ದವು ಬಾಯಿಂದ ಬಾಯಿಗೆ ಸವೆಯುತ್ತ ಬಂದು ಮತ್ತೊಂದು ಅರ್ಥವನ್ನೂ ತಾಳಿತು. ‘ಅವರು ಕರೆದದ್ದು ಬರಿಯ ಉಪಚಾರಕ್ಕೆ’ ಎಂದು ಹಳ್ಳಿಯ ಮುದುಕಿಯೂ ಹೇಳುತ್ತಾಳೆ. ಕರೆದವರ ಬಾಯಲ್ಲಿ ‘ಬನ್ನಿ, ಊಟಮಾಡಿ’ ಎಂಬ ಮಾತಿದೆ. ಒಲೆಯ ಮೇಲೆ ಅನ್ನವಿಲ್ಲ. ಹತ್ತಿರ ಬರುವುದೆಂಬ ಅರ್ಥದ ಶಬ್ದವು ದೂರವಿಡುವುದೆಂಬ ಅರ್ಥಕ್ಕೆ ಇಳಿದದ್ದು ಭಾಷೆಯ ದೋಷವಲ್ಲ. ಬಳಸಿದವರ ನಡತೆಯ ದೋಷ.

ಈ ಎರಡು ಅರ್ಥಗಳ ನಡುವಣ ಅಂತರವೇ ಇಂದು ಅಂಗಡಿ, ಬ್ಯಾಂಕು, ಆಸ್ಪತ್ರೆ, ಸಾರಿಗೆ ಮೊದಲಾದ ಜನಸಂಪರ್ಕದ ಉದ್ಯೋಗಗಳೆಲ್ಲದರ ಮುಖ್ಯ ತೊಡಕಾಗಿದೆ. ಗ್ರಾಹಕನೆಂದರೆ ತೆಗೆದುಕೊಳ್ಳುವವನು. ಅವನು ಹಣ ತೆತ್ತು ವಸ್ತುವನ್ನು ತೆಗೆದುಕೊಳ್ಳುವುದು ನಿಜ. ಆದರೆ ವಸ್ತುವಿನೊಡನೆ ಕೊಟ್ಟವನ ಮುಖವನ್ನೂ ಮಾತನ್ನೂ ತೆಗೆದುಕೊಂಡೇ ಮನೆಗೆ ಹೋಗುವನು. ಇದನ್ನರಿತು ಅನೇಕ ಸಂಸ್ಥೆಗಳು ತಮ್ಮ ನೌಕರರಿಗೆ ನಗುವುದನ್ನೂ, ಕೈಮುಗಿಯುವುದನ್ನೂ, ಇಂತಿಂಥ ಸಂದರ್ಭದಲ್ಲಿ ಇಂತಿಂಥ ವಾಕ್ಯವನ್ನು ಹೇಳಬೇಕೆಂಬುದನ್ನೂ ಕಲಿಸುತ್ತವೆ. ಅದು ವ್ಯರ್ಥವೆಂದಲ್ಲ. ಆದರೆ ಕಲಿಸಿದ ವಾಕ್ಯವು ಎಷ್ಟೇ ಶುದ್ಧವಾಗಿರಲಿ, ಹೇಳುವವನ ಒಳಗಿನಿಂದ ಬಾರದಿದ್ದರೆ ಕೇಳುವವನಿಗೆ ಅದು ಕ್ಷಣಮಾತ್ರದಲ್ಲಿ ತಿಳಿದುಬಿಡುತ್ತದೆ. ಜಪಾನೀಯರ ಭಾಷೆಯಲ್ಲಿ ಇದಕ್ಕೊಂದು ಹೆಸರೇ ಉಂಟು: ‘ಇಂಗಿನ್ ಬುರೇಇ’. ಮೇಲೆ ಅತಿವಿನಯ, ಒಳಗೆ ಅನಾದರ ಎಂಬುದು ಅದರ ತಾತ್ಪರ್ಯ. ಆ ದೇಶದ ಪ್ರಸಿದ್ಧ ವಿಮಾನ ಸಂಸ್ಥೆಯೊಂದು ಈ ರೋಗದಿಂದಲೂ ಇನ್ನಿತರ ರೋಗಗಳಿಂದಲೂ ಬಿದ್ದು, ಮುದುಕ ಸಂನ್ಯಾಸಿಯೊಬ್ಬರ ಕೈಯಲ್ಲಿ ಎದ್ದ ವೃತ್ತಾಂತವು ವಿಚಾರಿಸತಕ್ಕದ್ದಾಗಿದೆ.

ಜಪಾನ್ ಏರ್‌ಲೈನ್ಸ್ ಎಂಬ ಆ ಸಂಸ್ಥೆಯು 1951ರಲ್ಲಿ ಸ್ಥಾಪಿತವಾಯಿತು. ಬಹುಕಾಲ ಸರಕಾರದ ಆಶ್ರಯದಲ್ಲಿ ಬೆಳೆದು, 1987ರಲ್ಲಿ ಪೂರ್ಣವಾಗಿ ಖಾಸಗಿಯವರ ಕೈಗೆ ಬಂದಿತು. ಆಶ್ರಯ ತಪ್ಪಿದರೂ ಆಶ್ರಯದ ಮನೋಭಾವ ತಪ್ಪಲಿಲ್ಲ. ಕಷ್ಟ ಬಂದಾಗ ಸರಕಾರವು ಕೈಹಿಡಿಯುವುದೆಂಬ ನಂಬಿಕೆಯಿಂದ ದೊಡ್ಡ ದೊಡ್ಡ ವಿಮಾನಗಳನ್ನು ಕೊಂಡರು. ಜನವಿಲ್ಲದ ಮಾರ್ಗಗಳಲ್ಲಿ ಹಾರಿಸಿದರು. ಮುಖ್ಯ ಕಚೇರಿಯಲ್ಲಿ ಕುಳಿತ ಕೆಲವೇ ಮಂದಿ ಯೋಜನೆ ಬರೆಯುವರು. ವಿಮಾನ ನಿಲ್ದಾಣದಲ್ಲಿ ನಿಂತವರು ಅದರಂತೆ ನಡೆಯುವರು. ಬರೆದವರಿಗೆ ಪ್ರಯಾಣಿಕನ ಮುಖ ಗೊತ್ತಿಲ್ಲ. ನಿಂತವರಿಗೆ ಲೆಕ್ಕಪತ್ರ ಗೊತ್ತಿಲ್ಲ. ಪೈಲಟುಗಳು ಒಂದು ಕಡೆ, ಯಂತ್ರ ದುರಸ್ತಿಯವರು ಒಂದು ಕಡೆ, ಪರಿಚಾರಿಕೆಯರು ಒಂದು ಕಡೆ, ಹೀಗೆ ಹಲವು ಯೂನಿಯನ್ನುಗಳು. ಒಂದೇ ವಿಮಾನದಲ್ಲಿ ಕೆಲಸ ಮಾಡುವವರು ಒಬ್ಬರೊಡನೊಬ್ಬರು ಮನಸ್ಸು ಬಿಚ್ಚಿ ಮಾತನಾಡದ ಸ್ಥಿತಿ ಉಂಟಾಗಿತ್ತು. ತಮ್ಮತಮ್ಮಲ್ಲೇ ಮಾತು ಸತ್ತವರು ಪ್ರಯಾಣಿಕರೊಡನೆ ಜೀವಂತವಾದ ಮಾತನ್ನು ಆಡುವುದು ಹೇಗೆ ಸಾಧ್ಯ? ಪುಸ್ತಕದಲ್ಲಿ ಬರೆದಂತೆ ತಲೆಬಾಗಿದರು, ಪುಸ್ತಕದಲ್ಲಿ ಬರೆದಂತೆ ನುಡಿದರು. 2010ರ ಜನವರಿ 19ರಂದು ಸಂಸ್ಥೆಯು ದಿವಾಳಿಯೆಂದು ನ್ಯಾಯಾಲಯದ ಮೊರೆಹೊಕ್ಕಿತು. ಸಾಲವು ಸುಮಾರು 2.3 ಲಕ್ಷ ಕೋಟಿ ಯೆನ್.

ಆಗ ಸರಕಾರವು ಕಜುವೊ ಇನಮೊರಿ ಎಂಬವರನ್ನು ಅಧ್ಯಕ್ಷಪದವಿ ವಹಿಸಿಕೊಳ್ಳಬೇಕೆಂದು ಬೇಡಿಕೊಂಡಿತು. ಅವರಿಗೆ 78 ವರ್ಷ. ವಿಮಾನದ ವ್ಯವಹಾರದಲ್ಲಿ ಅವರಿಗೆ ಎಳ್ಳಷ್ಟೂ ಅನುಭವವಿರಲಿಲ್ಲ. ಇನ್ನೂ ಸೋಜಿಗವೆಂದರೆ, ಆ ಸಂಸ್ಥೆಯ ಸಿಬ್ಬಂದಿಯ ಸೊಕ್ಕಿನ ವಿನಯವನ್ನು ಸಹಿಸಲಾರದೆ ಅವರು ಅದರ ವಿಮಾನಗಳನ್ನು ಹತ್ತುವುದನ್ನೇ ಬಿಟ್ಟಿದ್ದವರು. ಮುನಿದು ಬಿಟ್ಟುಹೋದ ಗ್ರಾಹಕನನ್ನೇ ಕರೆದು ಯಜಮಾನಿಕೆ ಕೊಟ್ಟಂತಾಯಿತು. ಅವರು ಒಂದು ಯೆನ್ ಸಂಬಳವನ್ನೂ ಪಡೆಯದೆ ಕೆಲಸಕ್ಕೆ ಒಪ್ಪಿದರು. ಒಪ್ಪಿದುದಕ್ಕೆ ಮೂರು ಕಾರಣಗಳನ್ನು ಹೇಳಿದ್ದುಂಟು: ದೇಶದ ಆರ್ಥಿಕ ಚೇತರಿಕೆ, ಉಳಿಯುವ ನೌಕರರ ಜೀವನೋಪಾಯದ ರಕ್ಷಣೆ, ಒಂದೇ ದೊಡ್ಡ ವಿಮಾನ ಸಂಸ್ಥೆ ಉಳಿದರೆ ಜನರಿಗೆ ಆಯ್ಕೆ ತಪ್ಪುವುದೆಂಬ ಕಾಳಜಿ. ವಾರಕ್ಕೆ ಮೂರು ದಿನ ಎಂದು ಬಂದವರು ವಾರದ ಬಹುಭಾಗವನ್ನು ಅಲ್ಲಿಯೇ ಕಳೆಯತೊಡಗಿದರು. ಅಂಗಡಿಯಿಂದ ತಂದ ಅನ್ನದ ಉಂಡೆಯೇ ಎಷ್ಟೋ ರಾತ್ರಿ ಅವರ ಊಟವಾಗಿತ್ತು.

ಇನಮೊರಿಯವರ ಪೂರ್ವವೃತ್ತಾಂತವನ್ನು ಸ್ವಲ್ಪ ಅರಿಯದೆ ಮುಂದಿನದು ತಿಳಿಯುವಂತಿಲ್ಲ. ಅವರು 1932ರಲ್ಲಿ ಕಾಗೊಶಿಮಾದಲ್ಲಿ ಹುಟ್ಟಿದರು. ಆ ಸೀಮೆಯಲ್ಲಿ ಹಿಂದೆ ಅರಸರು ಬೌದ್ಧರ ಒಂದು ಪಂಥವನ್ನು ನಿಷೇಧಿಸಿದ್ದರಿಂದ ಭಕ್ತರು ರಾತ್ರಿ ಗುಡ್ಡದ ಮರೆಯಲ್ಲಿ ಕೂಡಿ ಬುದ್ಧನಾಮವನ್ನು ಜಪಿಸುತ್ತಿದ್ದರು. ನಿಷೇಧ ಹೋದ ಮೇಲೂ ಪದ್ಧತಿ ಉಳಿದಿತ್ತು. ನಾಲ್ಕೈದು ವರ್ಷದ ಬಾಲಕನನ್ನು ತಂದೆ ಅಂಥ ಕೂಟಕ್ಕೆ ಕರೆದೊಯ್ದಾಗ, ಅಲ್ಲಿದ್ದ ಗುರುವು ಬುದ್ಧನಾಮದೊಡನೆ ‘ಅರಿಗಾತೊ’ ಎಂಬ ಒಂದು ಪದವನ್ನು ಸೇರಿಸಿ ದಿನವೂ ಹೇಳಿಕೊಳ್ಳಬೇಕೆಂದು ಉಪದೇಶಿಸಿದರಂತೆ. ಅರಿಗಾತೊ ಎಂದರೆ ಕೃತಜ್ಞತೆಯ ಮಾತು. ಅಂಗಡಿಯವನು ಗ್ರಾಹಕನಿಗೆ ದಿನಕ್ಕೆ ನೂರು ಸಲ ಹೇಳುವ ಮಾತು. ಅದೇ ಪದ ಒಬ್ಬನ ಬಾಯಲ್ಲಿ ಸವಕಲು ನಾಣ್ಯ, ಇನ್ನೊಬ್ಬನ ಬಾಯಲ್ಲಿ ಜಪ.

1959ರಲ್ಲಿ ಅವರು ಕ್ಯೋಟೊ ನಗರದಲ್ಲಿ 28 ಜನರೊಡನೆ ಪಿಂಗಾಣಿಯ ಯಂತ್ರಭಾಗಗಳನ್ನು ಮಾಡುವ ಕಾರ್ಖಾನೆಯನ್ನು ಆರಂಭಿಸಿದರು. ಅದೇ ಮುಂದೆ ಕ್ಯೋಸೆರಾ ಎಂದು ಹೆಸರಾಯಿತು. 1961ರಲ್ಲಿ ಹನ್ನೊಂದು ಮಂದಿ ಎಳೆಯ ಕೆಲಸಗಾರರು ಎದುರು ನಿಂತು, ಮುಂದಿನ ವರ್ಷಗಳ ಸಂಬಳದ ಏರಿಕೆಗೆ ಈಗಲೇ ಹೊಣೆ ಬರೆದುಕೊಡಬೇಕು, ಇಲ್ಲವಾದರೆ ಎಲ್ಲರೂ ಬಿಟ್ಟುಹೋಗುವೆವು ಎಂದರು. ಯಜಮಾನರು ಬೈಯಲೂ ಇಲ್ಲ, ಸುಳ್ಳು ಭರವಸೆ ಕೊಡಲೂ ಇಲ್ಲ. ಅವರನ್ನು ತಮ್ಮ ಮನೆಗೇ ಕರೆದೊಯ್ದು ಮೂರು ಹಗಲು ಮೂರು ರಾತ್ರಿ ಮಾತನಾಡಿದರು. ಕೈಯಲ್ಲಿ ಇಲ್ಲದ ಹಣಕ್ಕೆ ಹೊಣೆ ಬರೆಯಲಾರೆ. ನಂಬಿ ನಡೆಯಿರಿ, ನಂಬಿಕೆಗೆ ದ್ರೋಹಮಾಡಿದರೆ ಪ್ರಾಣವನ್ನೇ ತೆಗೆಯಿರಿ ಎಂಬಷ್ಟರ ಮಟ್ಟಿಗೆ ಹೇಳಿ ಒಬ್ಬೊಬ್ಬರನ್ನಾಗಿ ಒಲಿಸಿಕೊಂಡರು. ಅವರು ಒಪ್ಪಿದ ಮೇಲೆ ನಿದ್ರೆ ಕೆಟ್ಟದ್ದು ಯಜಮಾನರಿಗೆ. ತಮ್ಮ ವಿದ್ಯೆಯನ್ನು ಲೋಕಕ್ಕೆ ತೋರಿಸಬೇಕೆಂದು ಕಾರ್ಖಾನೆ ಕಟ್ಟಿದವರು, ಅದು ಇರುವುದು ಕೆಲಸಮಾಡುವವರ ಬಾಳಿಗಾಗಿ ಎಂಬುದನ್ನು ಆ ಹುಡುಗರಿಂದ ಕಲಿತರು. ಕೆಲಸಗಾರರೆಲ್ಲರ ಲೌಕಿಕ ಮತ್ತು ಮಾನಸಿಕ ಸುಖವನ್ನು ಸಾಧಿಸುತ್ತ, ಅದರೊಡನೆ ಲೋಕದ ಏಳಿಗೆಗೆ ನೆರವಾಗುವುದೇ ಸಂಸ್ಥೆಯ ಉದ್ದೇಶವೆಂದು ಆಗ ಬರೆದಿಟ್ಟರು.

ಸಂಸ್ಕೃತದಲ್ಲಿ ಸೇವೆಗೆ ಶುಶ್ರೂಷೆಯೆಂಬ ಹೆಸರುಂಟು. ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪವದು. ಕೇಳಬೇಕೆಂಬ ಬಯಕೆ ಎಂಬುದೇ ಅದರ ಶಬ್ದಾರ್ಥ. ಕೇಳಲು ಬಯಸದವನು ಸೇವೆ ಮಾಡಲಾರನೆಂಬುದನ್ನು ಶಬ್ದವನ್ನು ಕಟ್ಟಿದವರೇ ಕಂಡಿದ್ದರು. ಮೂರು ರಾತ್ರಿ ಕೂತು ಮಾತನಾಡಿದ್ದೆಂದರೆ ಮೂರು ರಾತ್ರಿ ಕೇಳಿದ್ದು. ಇಂದಿನ ಸಂಸ್ಥೆಗಳಲ್ಲಿ ಒಳ್ಳೆಯ ಸಂವಹನವೆಂದು ಹೇಳುವಾಗ ಹೆಚ್ಚಿನವರು ಮಾತಿನ ಚಾತುರ್ಯವನ್ನೇ ಎಣಿಸುತ್ತಾರೆ; ಕಿವಿಯ ವಿಷಯವನ್ನು ಯಾರೂ ಎತ್ತುವುದಿಲ್ಲ.

1997ರಲ್ಲಿ ಇನಮೊರಿಯವರು ಝೆನ್ ಪಂಥದ ಮಠವೊಂದರಲ್ಲಿ ದೀಕ್ಷೆ ಪಡೆದರು. ಹುಲ್ಲಿನ ಪಾದರಕ್ಷೆ ತೊಟ್ಟು ಮನೆಮನೆಗೆ ಭಿಕ್ಷೆಗೆ ಹೋಗಿ, ಕಾಲಿನ ಬೆರಳುಗಳು ಸವೆದು ರಕ್ತ ಜಿನುಗುತ್ತಿರಲು ಸಂಜೆ ಹಿಂದಿರುಗುವಾಗ, ಉದ್ಯಾನದಲ್ಲಿ ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬಳು ಹತ್ತಿರ ಬಂದು 500 ಯೆನ್ನಿನ ನಾಣ್ಯವನ್ನು ಅವರ ಜೋಳಿಗೆಗೆ ಹಾಕಿದಳು. ಅವಳ ಮುಖದಲ್ಲಿ ಹಿಂಜರಿಕೆಯೂ ಇರಲಿಲ್ಲ, ಕೊಡುವವಳೆಂಬ ಗತ್ತೂ ಇರಲಿಲ್ಲ. ಕೋಟ್ಯಧೀಶರಾದ ಅವರು ಬದುಕಿನಲ್ಲಿ ಅಷ್ಟು ದೊಡ್ಡ ಸಂತೋಷವನ್ನು ಕಂಡಿರಲಿಲ್ಲವೆಂದು ತಾವೇ ಬರೆದಿದ್ದಾರೆ. ಜಂಗಮಕ್ಕೆ ನೀಡುವ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಹತ್ತಿರ ನಡೆದು ಬಂದದ್ದು, ಬೇಕಾದುದನ್ನು ಕಂಡದ್ದು, ಕೊಟ್ಟು ಸರಿದದ್ದು: ಉಪಚಾರದ ಮೂಲಾರ್ಥ ಆ ಕಸ ಗುಡಿಸುವವಳಲ್ಲಿ ಪೂರ್ತಿಯಾಗಿತ್ತು.

ಇಂಥವರು ವಿಮಾನ ಸಂಸ್ಥೆಗೆ ಬಂದು ಮೊದಲು ಕೈಹಾಕಿದ್ದು ಕೌಂಟರಿನಲ್ಲಿ ನಿಂತ ಹುಡುಗಿಯರ ಮಾತಿಗಲ್ಲ. ಮೇಲಿನ ಅಧಿಕಾರಿಗಳ ಮನಸ್ಸಿಗೆ. ಇಲ್ಲಿಯೇ ಅವರ ವಿವೇಕವಿರುವುದು. ಗ್ರಾಹಕರಿಂದ ದೂರು ಬಂದೊಡನೆ ಕೆಳಗಿನ ನೌಕರನಿಗೆ ನಗುವ ಪಾಠ ಹೇಳಿಸುವುದು ಲೋಕದ ರೂಢಿ. ನಾಯಕ, ವಿನಯ ಎಂಬ ಎರಡು ಪದಗಳೂ ‘ನೀ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಕರೆದೊಯ್ಯುವುದು ಎಂದು ಅದರ ಅರ್ಥ. ದಾರಿ ತೋರುವ ಕಣ್ಣಿಗೂ ಅದೇ ಧಾತುವಿನಿಂದ ನೇತ್ರವೆಂದು ಹೆಸರಾಯಿತು. ವಿನಯವೆಂದರೆ ಸರಿಯಾಗಿ ನಡೆಯಿಸಲ್ಪಟ್ಟ ಸ್ಥಿತಿ, ಶಿಕ್ಷಣದಿಂದ ಬಂದ ಹದ. ಹೀಗಿರಲು, ನಾಯಕನಲ್ಲಿ ಇಲ್ಲದ ವಿನಯವನ್ನು ನೌಕರನಲ್ಲಿ ಹುಡುಕುವುದು ಕೆರೆಯಲ್ಲಿಲ್ಲದ ನೀರನ್ನು ಕಾಲುವೆಯಲ್ಲಿ ಹುಡುಕಿದಂತೆಯೇ ಸರಿ.

2010ರ ಜೂನ್ ತಿಂಗಳಲ್ಲಿ ಸುಮಾರು ಐವತ್ತು ಮಂದಿ ಹಿರಿಯ ಅಧಿಕಾರಿಗಳನ್ನು ಕೂಡಿಸಿ ತಿಂಗಳೊಂದರಲ್ಲಿ ಹದಿನೇಳು ಸಲ ಪಾಠ ನಡೆಸಿದರು. ಪಾಠದ ವಿಷಯವೇನು? ಸುಳ್ಳು ಹೇಳಬಾರದು, ಮೋಸ ಮಾಡಬಾರದು, ಅತಿಯಾಸೆ ಕೂಡದು, ಮನುಷ್ಯನಾಗಿ ಯಾವುದು ಸರಿಯೋ ಅದನ್ನು ಆಧಾರವಾಗಿಟ್ಟು ತೀರ್ಮಾನಿಸಬೇಕು. ದೇಶದ ಮೇಲಾದ ವಿಶ್ವವಿದ್ಯಾನಿಲಯಗಳಲ್ಲಿ ಓದಿ ಬಂದವರು ಇದನ್ನು ಕೇಳಿ ಮುಖ ಸಿಂಡರಿಸಿದರು. ತಾಯಿ ಮಕ್ಕಳಿಗೆ ಹೇಳುವ ಮಾತನ್ನು ನೆರೆತ ತಲೆಯವರಿಗೆ ಹೇಳುವುದೇ? ಇನಮೊರಿಯವರ ಉತ್ತರವು ನೇರವಾಗಿತ್ತು: ಅದನ್ನು ನೀವು ತಿಳಿದಿದ್ದೀರಿ, ಆದರೆ ಮೈಗೂಡಿಸಿಕೊಂಡಿಲ್ಲ. ಇವರ ವ್ಯವಹಾರಜ್ಞಾನ ತರಕಾರಿ ಅಂಗಡಿಯನ್ನು ನಡೆಸಲೂ ಸಾಲದು ಎಂಬ ಕಟು ಮಾತನ್ನೂ ಅವರು ಆಡಿದುದುಂಟು. ತರಕಾರಿಯವನಿಗೆ ಆ ದಿನದ ಲಾಭನಷ್ಟ ಆ ರಾತ್ರಿಯೇ ಗೊತ್ತು; ಈ ಸಂಸ್ಥೆಯ ಲೆಕ್ಕ ಅಧಿಕಾರಿಗಳ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತಿದ್ದವು.

ಪಾಠ ಮುಗಿದ ಮೇಲೆ ಎಲ್ಲರೂ ಒಂದೇ ಕಡೆ ಕುಳಿತು, ಬಿಯರ್ ಕುಡಿಯುತ್ತ, ಪದವಿಯ ಹಮ್ಮು ಬಿಟ್ಟು ಮಾತನಾಡಬೇಕೆಂಬುದು ಅವರ ಕಟ್ಟಳೆ. ಪಾನದ ಅಂಶವನ್ನು ಈ ಪತ್ರಿಕೆಯ ವಾಚಕರು ಕೈಬಿಟ್ಟು, ಸಹಪಂಕ್ತಿಯ ಅಂಶವನ್ನಷ್ಟೇ ಗ್ರಹಿಸಬಹುದು. (ಪಾನದ ಫಲ ಮುಂದೆ ಬರುತ್ತದೆ.) ಸಹಪಂಕ್ತಿಯ ಗುಣ ಮಾತ್ರ ದೊಡ್ಡದು. ಅನುಭವ ಮಂಟಪದ ನೆನಪುಳ್ಳವರಿಗೆ ಇದು ಹೊಸತಲ್ಲ: ಅಂಬಿಗನೂ ಮಡಿವಾಳನೂ ದಂಡನಾಯಕನೂ ಒಂದೇ ನೆಲದ ಮೇಲೆ ಕುಳಿತಾಗ ಮಾತು ಪದವಿಯಿಂದ ಹೊರಡದೆ ಅನುಭವದಿಂದ ಹೊರಡುತ್ತದೆ. ದಿನಗಳು ಕಳೆದಂತೆ, ಬಿಗಿದುಕೊಂಡು ಕುಳಿತಿದ್ದವರಲ್ಲೊಬ್ಬರು ಎದ್ದು, ಇದನ್ನು ಮೊದಲೇ ಕಲಿತಿದ್ದರೆ ಸಂಸ್ಥೆ ಈ ಗತಿಗೆ ಬರುತ್ತಿರಲಿಲ್ಲವೆಂದು ಒಪ್ಪಿಕೊಂಡರು. ಒಬ್ಬರು ಕರಗಿದ ಮೇಲೆ ಉಳಿದವರು ಕರಗುವುದು ತಡವಾಗಲಿಲ್ಲ.

ಮೇಲಿನವರ ತರುವಾಯ ಕೆಳಗಿನವರ ಸರದಿ ಬಂದಿತು. ಇನಮೊರಿಯವರು ವಿಮಾನ ನಿಲ್ದಾಣಗಳಿಗೆ ತಾವೇ ಹೋಗಿ ಕೌಂಟರಿನವರೊಡನೆ, ಪರಿಚಾರಿಕೆಯರೊಡನೆ, ಸಾಮಾನು ಹೊರುವವರೊಡನೆ ಮಾತನಾಡಿದರು. ಸಂಸ್ಥೆಯ ಮೇಲೆ ಜನರ ಅಭಿಪ್ರಾಯ ಹುಟ್ಟುವುದು ನಿಮ್ಮೆದುರಿನಲ್ಲಿ, ಅಧ್ಯಕ್ಷನ ಕೋಣೆಯಲ್ಲಲ್ಲ ಎಂಬುದು ಅವರ ಮಾತಿನ ಸಾರ. 2011ರ ಆರಂಭದಲ್ಲಿ ನಲವತ್ತು ಸೂತ್ರಗಳ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿ ಎಲ್ಲರಿಗೂ ಹಂಚಲಾಯಿತು. ಅದನ್ನು ಬರೆದವರು ಹೊರಗಿನಿಂದ ಬಂದ ಪಂಡಿತರಲ್ಲ. ಸಂಸ್ಥೆಯವರೇ ಕೂಡಿ ಚರ್ಚಿಸಿ ಬರೆದರು. ಅದರ ಮೊದಲ ಭಾಗ ಒಳ್ಳೆಯ ಬಾಳನ್ನು ಕುರಿತದ್ದು, ಎರಡನೆಯದು ಒಳ್ಳೆಯ ಸಂಸ್ಥೆಯನ್ನು ಕುರಿತದ್ದು. ಈ ಅನುಕ್ರಮವು ಗಮನಾರ್ಹವಾಗಿದೆ. ಸಂಸ್ಥೆಯ ಉದ್ದೇಶವನ್ನು ಹೇಳುವಾಗಲೂ ನೌಕರರ ಸುಖ ಮೊದಲು ಬಂದು, ಗ್ರಾಹಕರಿಗೆ ಅತ್ಯುತ್ತಮ ಸೇವೆ ಅದರ ಹಿಂದೆ ಬರುತ್ತದೆ. ಗ್ರಾಹಕನನ್ನು ಹಿಂದಕ್ಕೆ ತಳ್ಳಿದಂತಾಗಲಿಲ್ಲವೇ ಎಂದು ಆಕ್ಷೇಪಿಸಬಹುದು. ಹಸಿದ ಮನೆಯಿಂದ ಅನ್ನದಾನ ಹೊರಡದು. ನೊಂದ ನೌಕರನಿಂದ ಬೆಚ್ಚನೆಯ ಮಾತು ಹೊರಡದು. ಅನುಕ್ರಮವು ಆದರದ ತರತಮವಲ್ಲ, ಕಾರ್ಯಕಾರಣದ ಕ್ರಮ.

ಆ ನಲವತ್ತರಲ್ಲಿ ಒಂದು ಸೂತ್ರವು ಓಟದ ಸ್ಪರ್ಧೆಯ ಉಪಮಾನದಿಂದ ಕೂಡಿದೆ. ಒಬ್ಬನು ಓಡಿ ಬಂದು ಕೈಯಲ್ಲಿರುವ ಕೋಲನ್ನು ಮುಂದಿನವನಿಗೆ ಕೊಡುವನು. ಅವನು ಅದನ್ನು ಹಿಡಿದು ಓಡುವನು. ಟಿಕೆಟು ಕೊಡುವವರು, ಸಾಮಾನು ಹೊರುವವರು, ಯಂತ್ರ ನೋಡುವವರು, ವಿಮಾನ ನಡೆಸುವವರು, ಒಳಗೆ ಉಪಚರಿಸುವವರು, ಇಳಿದಲ್ಲಿ ಎದುರುಗೊಳ್ಳುವವರು ಎಲ್ಲರೂ ಆ ಕೋಲನ್ನು ಕೈಯಿಂದ ಕೈಗೆ ದಾಟಿಸುವವರೇ. ಪ್ರಯಾಣಿಕನಿಗೆ ಇವರು ಆರು ಇಲಾಖೆಗಳಾಗಿ ಕಾಣುವುದಿಲ್ಲ, ಒಂದೇ ಸಂಸ್ಥೆಯಾಗಿ ಕಾಣುತ್ತಾರೆ. ಎಷ್ಟೋ ಕಡೆ ಸೇವೆ ಕೆಡುವುದು ಯಾರೊಬ್ಬರ ಕೈಯಲ್ಲೂ ಅಲ್ಲ. ಕೈಯಿಂದ ಕೈಗೆ ದಾಟುವ ಎಡೆಯಲ್ಲಿ. ‘ಅದು ನನ್ನ ಕೆಲಸವಲ್ಲ, ಮುಂದಿನ ಕಿಟಕಿಗೆ ಹೋಗಿ’ ಎಂಬ ಮಾತನ್ನು ಕೇಳದವರು ಯಾರು? ಈ ಸೂತ್ರಗಳನ್ನು ಓದಿ ಚರ್ಚಿಸುವ ಕೂಟಗಳಲ್ಲಿ ಪೈಲಟ್, ಯಂತ್ರಕಾರ, ಕೌಂಟರಿನವಳು ಎಲ್ಲರನ್ನೂ ಬೆರಸಿ ಕೂರಿಸಿದರು. ಹತ್ತಾರು ವರ್ಷ ಒಂದೇ ವಿಮಾನಕ್ಕೆ ದುಡಿದವರು ಅಲ್ಲಿ ಮೊದಲ ಬಾರಿಗೆ ಒಬ್ಬರ ಕಷ್ಟವನ್ನೊಬ್ಬರು ಕೇಳಿದರು. 2011ರ ಏಪ್ರಿಲಿನಿಂದ ಸಣ್ಣ ಸಣ್ಣ ಗುಂಪುಗಳಿಗೆ ತಮ್ಮ ಲೆಕ್ಕವನ್ನು ತಾವೇ ನೋಡುವ ವ್ಯವಸ್ಥೆಯಾಯಿತು. ಪೈಲಟುಗಳು ಕಾಗದದ ಲೋಟವನ್ನು ಬಿಟ್ಟು ಮನೆಯಿಂದ ತಮ್ಮ ಬಟ್ಟಲನ್ನು ತರತೊಡಗಿದರು. ಬರೆದ ಪ್ರಕಟಣೆಯನ್ನು ಓದುತ್ತಿದ್ದವರು ತಮ್ಮ ಸ್ವಂತ ಮಾತಿನಲ್ಲಿ ಪ್ರಯಾಣಿಕರಿಗೆ ವಂದನೆ ಹೇಳತೊಡಗಿದರು. 2011ರ ಮಾರ್ಚ್ 11ರ ಭೂಕಂಪದಲ್ಲಿ ಸೆಂದಾಯ್ ವಿಮಾನ ನಿಲ್ದಾಣವು ಕಡಲ ನೀರಿನಲ್ಲಿ ಮುಳುಗಿದಾಗ, ಸುತ್ತಣ ನಿಲ್ದಾಣಗಳಿಗೆ ಹೆಚ್ಚಿನ ವಿಮಾನಗಳನ್ನು ಹಾರಿಸಿದರು.

2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವ್ಯವಹಾರದ ಲಾಭವು 20,490 ಕೋಟಿ ಯೆನ್ನಿಗೆ ಏರಿತು. ದಿವಾಳಿಯಾದ ಎರಡು ವರ್ಷ ಎಂಟು ತಿಂಗಳಿಗೆ, 2012ರ ಸೆಪ್ಟೆಂಬರ್ 19ರಂದು, ಸಂಸ್ಥೆಯ ಪಾಲುಗಳು ಟೋಕಿಯೊ ಪೇಟೆಗೆ ಮರಳಿದವು.

ಇದನ್ನು ಬರಿಯ ಸದ್ವಚನದ ಮಹಿಮೆಯೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಸರಕಾರದ ನಿಧಿಯಿಂದ 35,000 ಕೋಟಿ ಯೆನ್ ಬಂದಿತ್ತು. ಸಾಲ ಕೊಟ್ಟವರು 50,000 ಕೋಟಿಗೂ ಮಿಕ್ಕ ಸಾಲವನ್ನು ಬಿಟ್ಟುಕೊಟ್ಟಿದ್ದರು. ಎಲ್ಲಕ್ಕಿಂತ ಕಹಿಯಾದದ್ದು ಇದು: ಸುಮಾರು 48,000 ನೌಕರರಿದ್ದಲ್ಲಿ 32,000 ಮಂದಿ ಉಳಿದರು. ಹೆಚ್ಚಿನವರು ತಾವಾಗಿ ಬಿಟ್ಟುಹೋದರೂ, 2010ರ ಕೊನೆಯ ದಿನ 165 ಮಂದಿ ಪೈಲಟುಗಳನ್ನೂ ಪರಿಚಾರಿಕೆಯರನ್ನೂ ಬಲವಂತವಾಗಿ ತೆಗೆದುಹಾಕಲಾಯಿತು. ಅವರು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ ಸೋತರು. ನೌಕರರ ಸುಖವೇ ಮೊದಲ ಉದ್ದೇಶವೆಂದು ಬರೆದ ಸಂಸ್ಥೆಗೆ ಆ 165 ಮಂದಿ ಕೇಳಬಹುದಾದ ಪ್ರಶ್ನೆಗೆ ಆ ಹೊತ್ತಗೆಯ ನಲವತ್ತು ಸೂತ್ರಗಳಲ್ಲಿ ಉತ್ತರ ಸಿಗುವುದು ಕಷ್ಟ. ಕಾಯಕವನ್ನು ಕಿತ್ತುಕೊಳ್ಳುವುದು ಅನ್ನವನ್ನು ಮಾತ್ರವಲ್ಲ, ಮರ್ಯಾದೆಯನ್ನೂ ಕಿತ್ತುಕೊಂಡಂತೆ. ಇನಮೊರಿಯವರನ್ನು ಕೊಂಡಾಡುವ ಪುಸ್ತಕಗಳು ಈ ಪುಟವನ್ನು ಬೇಗ ಮಗುಚುತ್ತವೆ, ಅದು ಸರಿಯಲ್ಲ. ಅವರು 2013ರಲ್ಲಿ ಆಡಳಿತ ಮಂಡಲಿಯನ್ನು ಬಿಟ್ಟರು. 2022ರ ಆಗಸ್ಟ್ 24ರಂದು 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕಲಿತ ಮಾತು ನಿಜವಾಗಿ ಒಳಗಿಳಿದಿದೆಯೇ ಎಂಬುದು ಸುಖದ ದಿನಗಳಲ್ಲಿ ತಿಳಿಯುವುದಿಲ್ಲ. 2024ರ ಜನವರಿ 2ರ ಸಂಜೆ, ಸಪ್ಪೊರೊದಿಂದ ಬಂದ ಈ ಸಂಸ್ಥೆಯ ವಿಮಾನವೊಂದು ಟೋಕಿಯೊದ ಹನೆದಾ ನಿಲ್ದಾಣದಲ್ಲಿ ನೆಲಕ್ಕಿಳಿಯುತ್ತಲೇ ರನ್‌ವೇಯಲ್ಲಿ ನಿಂತಿದ್ದ ಕರಾವಳಿ ರಕ್ಷಣಾ ದಳದ ಸಣ್ಣ ವಿಮಾನಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಹಿಂದಿನ ದಿನ ಭೂಕಂಪವಾಗಿದ್ದ ನೊತೊ ಸೀಮೆಗೆ ಪರಿಹಾರ ಸಾಮಗ್ರಿ ಒಯ್ಯಲು ಆ ಸಣ್ಣ ವಿಮಾನ ಹೊರಟಿತ್ತು. ತನಿಖೆಯವರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಧ್ಯಂತರ ವರದಿಯು ಕಂಡುಕೊಂಡ ಸಂಗತಿಗಳಲ್ಲಿ ಒಂದು ಮಾತಿನ ತಪ್ಪು ಗ್ರಹಿಕೆಯೂ ಇದೆ. ಹಾರುವ ಸರದಿಯಲ್ಲಿ ಮೊದಲನೆಯವರು ಎಂಬ ಅರ್ಥದಲ್ಲಿ ನಿಯಂತ್ರಕನು ‘ನಂಬರ್ ಒನ್’ ಎಂದನು. ರನ್‌ವೇಯನ್ನು ಪ್ರವೇಶಿಸಲು ಅಪ್ಪಣೆಯಾಯಿತೆಂದು ಆ ವಿಮಾನದವರು ತಿಳಿದರು. ಅದರಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಹೋದರು.

ದೊಡ್ಡ ವಿಮಾನದಲ್ಲಿ 367 ಪ್ರಯಾಣಿಕರೂ 12 ಸಿಬ್ಬಂದಿಯೂ ಇದ್ದರು. ಹೊಗೆ ತುಂಬತೊಡಗಿತು. ಒಳಗಿನ ಧ್ವನಿವರ್ಧಕ ಕೆಟ್ಟಿತು. ಪೈಲಟುಗಳೊಡನೆ ಮಾತನಾಡುವ ಫೋನೂ ಕೆಲಸ ಮಾಡಲಿಲ್ಲ. ಪರಿಚಾರಿಕೆಯರು ಕೈಯಲ್ಲಿ ಹಿಡಿಯುವ ಕಹಳೆಯಲ್ಲಿಯೂ ಬರಿಯ ಕೊರಳಿನಲ್ಲಿಯೂ ಕೂಗಿ ಹೇಳಿದರು: ಶಾಂತರಾಗಿರಿ, ಸಾಮಾನು ಬಿಡಿ. ಎಂಟು ಬಾಗಿಲುಗಳಲ್ಲಿ ಬೆಂಕಿಯಿಲ್ಲದ ಮೂರನ್ನು ಮಾತ್ರ ಆರಿಸಿ ತೆರೆದರು. ಹಿಂಬದಿಯ ಬಾಗಿಲ ಬಳಿ ಇದ್ದವರಿಗೆ ಕ್ಯಾಪ್ಟನ್ನಿನ ಅಪ್ಪಣೆ ಕೇಳುವ ದಾರಿಯೇ ಇರಲಿಲ್ಲ. ಅವರು ತಮ್ಮ ವಿವೇಚನೆಯಿಂದಲೇ ಬಾಗಿಲು ತೆರೆದರು. ಜನರೂ ಹೇಳಿದಂತೆ ನಡೆದರು, ಅದನ್ನು ಮರೆಯಬಾರದು. ಕ್ಯಾಪ್ಟನ್ ಆಸನಗಳ ಸಾಲುಗಳ ನಡುವೆ ಉಳಿದವರನ್ನು ಹುಡುಕುತ್ತ ಹೋಗಿ ಕೊನೆಯವರಾಗಿ ಇಳಿದರು. ಅಷ್ಟರಲ್ಲಿ 18 ನಿಮಿಷಗಳು ಕಳೆದಿದ್ದವು. 379 ಮಂದಿಯೂ ಬದುಕಿದರು, ವಿಮಾನ ಬೂದಿಯಾಯಿತು.

ಇದು ಇನಮೊರಿಯವರ ಪಾಠದ ಫಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ವರ್ಷವರ್ಷವೂ ಮಾಡಿಸುವ ಕವಾಯತು ಇದರ ಹಿಂದೆ ಇದೆ. 1985ರ ಆಗಸ್ಟ್ 12ರಂದು ಇದೇ ಸಂಸ್ಥೆಯ ವಿಮಾನ ಬೆಟ್ಟಕ್ಕೆ ಬಡಿದು 520 ಮಂದಿ ಸತ್ತ ನೆನಪೂ ಇದೆ. ಅದರ ಮುರಿದ ಭಾಗಗಳನ್ನು 2006ರಿಂದ ಒಂದು ಮಂದಿರದಲ್ಲಿಟ್ಟು ನೌಕರರಿಗೆ ತೋರಿಸುತ್ತ ಬಂದಿದ್ದಾರೆ. ಆದರೆ ಇಷ್ಟನ್ನು ಹೇಳಬಹುದು: ಮೇಲಿನಿಂದ ಮಾತು ಬಾರದೆ ಕೈಯೆತ್ತದವರಾಗಿದ್ದರೆ ಆ ಹಿಂಬಾಗಿಲು ತೆರೆಯುತ್ತಿರಲಿಲ್ಲ. ಟೀ ಕೊಡುವಾಗ ನಗಲು ಕಲಿತ ಕೊರಳು ಬೇರೆ, ಹೊಗೆಯಲ್ಲಿ ನೂರಾರು ಜನ ನಂಬುವಂತೆ ಕೂಗುವ ಕೊರಳು ಬೇರೆ ಎಂದು ಎಣಿಸುವುದು ತಪ್ಪು. ಅದೇ ಕೊರಳೇ.

ಆ ಅಪಘಾತವಾದ ಕೆಲವೇ ದಿನಗಳಲ್ಲಿ ಸಂಸ್ಥೆಯ ಮುಂದಿನ ಮುಖ್ಯಸ್ಥರ ಹೆಸರು ಪ್ರಕಟವಾಯಿತು. 2024ರ ಏಪ್ರಿಲ್ 1ರಂದು ಅಧಿಕಾರ ವಹಿಸಿಕೊಂಡ ಮಿತ್ಸುಕೊ ತೊತ್ತೊರಿಯವರು, ಮುಂದೆ ಈ ಸಂಸ್ಥೆಯೊಡನೆ ಸೇರಿಹೋದ ಇನ್ನೊಂದು ಸಂಸ್ಥೆಯಲ್ಲಿ 1985ರಲ್ಲಿ ಪರಿಚಾರಿಕೆಯಾಗಿ ಕೆಲಸಕ್ಕೆ ಸೇರಿದವರು. ಊಟದ ತಟ್ಟೆ ಹಿಡಿದು ಆಸನಗಳ ನಡುವೆ ನಡೆದವರು ಆ ಸ್ಥಾನಕ್ಕೆ ಬಂದುದು ಅದೇ ಮೊದಲು.

ಅವರ ಕಾಲದಲ್ಲಿಯೇ ಮತ್ತೊಂದು ಪರೀಕ್ಷೆ ಬಂದಿತು. 2024ರ ಡಿಸೆಂಬರ್ 1ರಂದು ಆಸ್ಟ್ರೇಲಿಯದ ಮೆಲ್ಬೋರ್ನಿನಿಂದ ಹೊರಡಬೇಕಾಗಿದ್ದ ವಿಮಾನವು ಮೂರು ಗಂಟೆಗೂ ಹೆಚ್ಚು ತಡವಾಯಿತು. ಹಿಂದಿನ ದಿನ ಇಬ್ಬರು ಪೈಲಟುಗಳು ನಿಯಮ ಮೀರಿ ಮದ್ಯಪಾನ ಮಾಡಿದ್ದರು. ಕುಡಿದದ್ದಕ್ಕಿಂತ ಕೆಟ್ಟದ್ದು, ಇಬ್ಬರೂ ಮಾತು ಕೂಡಿಸಿಕೊಂಡು ಕುಡಿದಿಲ್ಲವೆಂದು ಹೇಳಿದ್ದು. ಸುಳ್ಳಾಡಬಾರದೆಂಬುದು ಹದಿನೇಳು ದಿನದ ಪಾಠದ ಮೊದಲ ಮಾತಾಗಿದ್ದಿತಷ್ಟೆ. ಸರಕಾರವು ಅದೇ ತಿಂಗಳಲ್ಲಿ ಸಂಸ್ಥೆಗೆ ತಿದ್ದಿಕೊಳ್ಳುವಂತೆ ಎಚ್ಚರಿಕೆಯ ಪತ್ರ ಕಳುಹಿಸಿತು. ಪೈಲಟುಗಳು ಕೆಲಸ ಕಳೆದುಕೊಂಡರು. ಆ ಮೂರು ಗಂಟೆಗಳ ಕಾಲ ಕಾದು ನಿಂತ ಪ್ರಯಾಣಿಕರ ಮುಖವನ್ನು ನೋಡಿ, ತಲೆಬಾಗಿ ಕ್ಷಮೆ ಬೇಡುವ ಕೆಲಸ ಮಾತ್ರ ಎಂದಿನಂತೆ ಕೌಂಟರಿನ ಹಿಂದೆ ನಿಂತವರ ಪಾಲಿನದು.